ಅರೆದಾಗ ಬಂದ ಹಸಿರು ಬೆಳಕು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಯಾರಾದರೂ ನನ್ನ ಮೇಜಿನ ಮೇಲಿನ ಸಾಮಾನು ಮುಟ್ಟಿದರೆ, ಬಾಟಲಿಯ ಮುಚ್ಚಳ ಸಡಿಲ ಬಿಟ್ಟು ಹೋದರೆ, ಬಾಗಿಲನ್ನು ದಡಾರನೆ ಹಾಕಿದರೆ ಕೂಗಾಡುತ್ತಿದ್ದೆ. ಬಾಗಿಲಿನ ವಿಷಯದಲ್ಲಿ ಮಾತ್ರ ನನ್ನ ಕೂಗಾಟಕ್ಕೆ ನ್ಯಾಯವಿತ್ತು. ಮೈಸೂರಿನ ಆ ರಸಾಯನಶಾಸ್ತ್ರ ವಿಭಾಗದಲ್ಲಿ ನಾವು ನಾಲ್ಕಾರು ಜನ ಪಿಎಚ್‌ಡಿ ವಿದ್ಯಾರ್ಥಿಗಳು ಮಾಡುತ್ತಿದ್ದದ್ದು ಹರಳು ಬೆಳೆಸುವ ಕೆಲಸ.

ಒಂದು ಸಾವಯವ ಪದಾರ್ಥವನ್ನು ತಯಾರಿಸಿ, ಅದಕ್ಕೆ ಸತುವನ್ನೋ ಇನ್ನೊಂದು ಲೋಹವನ್ನೋ ಕೂಡಿಸಿ, ಬಂದದ್ದನ್ನು ದ್ರಾವಕದಲ್ಲಿ ಕರಗಿಸಿ ಹೆಬ್ಬೆರಳುದ್ದದ ಗಾಜಿನ ಸೀಸೆಗೆ ಹಾಕುತ್ತೇವೆ. ಬಾಯಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಸೂಜಿಯಿಂದ ನಾಲ್ಕು ತೂತು ಚುಚ್ಚಿ, ಶೆಲ್ಫಿನ ಮೇಲಿಟ್ಟು ಕಾಯುತ್ತೇವೆ. ದ್ರಾವಕ ನಿಧಾನವಾಗಿ ಆರುತ್ತದೆ. ಅದೃಷ್ಟವಿದ್ದರೆ ತಳದಲ್ಲಿ ಸಕ್ಕರೆ ಕಾಳಿಗಿಂತ ಚಿಕ್ಕ ಹರಳುಗಳು ಕೂರುತ್ತವೆ. ಶೆಲ್ಫು ಅಲುಗಾಡಿದರೆ ಹರಳಿಲ್ಲ, ಬರೀ ಪುಡಿ. ಒಳ್ಳೆಯ ಹರಳೊಂದು ಸಿಕ್ಕಿದರೆ ಎಕ್ಸ್‌ರೇ ಯಂತ್ರಕ್ಕೆ ಕೊಟ್ಟು ಅದರೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂಬ ನಕ್ಷೆ ತೆಗೆಯಬಹುದು. ಆಮೇಲೆ ಅದನ್ನು ಕತ್ತಲೆ ಡಬ್ಬಿಯೊಳಗಿಟ್ಟು, ಅತಿನೇರಳೆ ಬೆಳಕಿನ ಯುವಿ ದೀಪ ಹಾಕಿ, ಬೆಳಕು ಕೊಡುತ್ತದೆಯೋ ಇಲ್ಲವೋ ನೋಡುತ್ತೇವೆ. ಬೆಳಕು ಕೊಟ್ಟರೆ ವಿಜ್ಞಾನ ಪತ್ರಿಕೆಗೊಂದು ಪೇಪರ್, ಕೊಡದಿದ್ದರೆ ಮತ್ತೊಂದು ಸೀಸೆ. ನನ್ನ ಆರು ವರ್ಷಗಳು ಹೀಗೆ ಹೋದವು.

ನಮ್ಮ ಮನೆ ಅಗ್ರಹಾರದಲ್ಲಿ. ಅಜ್ಜಿಯ ಕಾಲದ ಮಡಿ ಮೈಲಿಗೆಗಳನ್ನೆಲ್ಲ ಕಾಲೇಜು ಸೇರಿದ ವರ್ಷವೇ ಬಿಟ್ಟೆನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು. ಆದರೆ ಲ್ಯಾಬಿನಲ್ಲಿ ನನ್ನದೇ ಒಂದು ಮಡಿ ಇತ್ತು. ಅದು ಅಂಗೈಯಗಲದ ಒಂದು ಅಗೇಟ್ ಮಾರ್ಟರ್. ಬೂದು-ಕಂದು ಬಣ್ಣದ ನುಣುಪು ಕಲ್ಲಿನ ಕಲ್ಬತ್ತು ಎಂದುಕೊಳ್ಳಿ, ಹರಳುಗಳನ್ನು ಅರೆದು ಪುಡಿ ಮಾಡಲು ಬೇಕಾದದ್ದು. ಅದರ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕಿತ್ತು, ಅದೊಂದು ಬಿಟ್ಟರೆ ಹೊಸದರಂತಿತ್ತು. ದಿನಾ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರು ಸಲ ತೊಳೆದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಮೇಜಿನ ಖಾನೆಯಲ್ಲಿಡುತ್ತಿದ್ದೆ. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಉಳಿದವರಿಗೆ ಇನ್ನೊಂದು ಮಾರ್ಟರ್ ಇತ್ತು, ಎಲ್ಲರೂ ಬಳಸುವಂಥದ್ದು.

ಒಂದು ವರ್ಷ ದಸರಾ ರಜೆಗೆ ಮುಂಚೆ ನಾನು ಸತುವಿನ ಒಂದು ಸಂಯುಕ್ತವನ್ನು ಸೀಸೆಗಳಿಗೆ ಹಾಕಿಟ್ಟು ಹೋಗಿದ್ದೆ. ರಜೆ ಮುಗಿಸಿ ಬಂದು ನೋಡಿದರೆ ಆರು ಸೀಸೆಗಳಲ್ಲಿ ನಾಲ್ಕರಲ್ಲಿ ಹರಳು ಕೂತಿದ್ದವು. ರಜೆಯಲ್ಲಿ ಬಾಗಿಲು ದಡಾರೆನ್ನಿಸುವವರು ಯಾರೂ ಇರಲಿಲ್ಲವಲ್ಲ. ಯುವಿ ದೀಪದ ಕೆಳಗೆ ಅವು ಮಂಕು ನೀಲಿ ಬೆಳಕು ಕೊಟ್ಟವು. ಅಂಥದ್ದನ್ನು ನೂರಾರು ಜನ ನೋಡಿದ್ದಾರೆ, ಅದಕ್ಕೆ ಯಾವ ಪತ್ರಿಕೆಯೂ ಬಾಗಿಲು ತೆರೆಯುವುದಿಲ್ಲ. ಬೇಸರದಿಂದಲೇ ನಾಲ್ಕು ಹರಳುಗಳನ್ನು ನನ್ನ ಮಾರ್ಟರ್‌ಗೆ ಹಾಕಿ, ರೂಢಿಯಂತೆ ಒಂದು ಹನಿ ಕ್ಲೋರೋಫಾರ್ಮ್ ಬಿಟ್ಟು ಅರೆದೆ. ಪುಡಿಯನ್ನು ಮತ್ತೆ ಡಬ್ಬಿಯೊಳಗಿಟ್ಟು ಇಣುಕಿದೆ. ಪುಡಿ ಹಳದಿ ಬೆರೆತ ಹಸಿರು ಬೆಳಕಿನಲ್ಲಿ ಝಗಝಗ ಹೊಳೆಯುತ್ತಿತ್ತು.

ಅರೆದಾಗ ಬೆಳಕಿನ ಬಣ್ಣ ಬದಲಾಗುವ ಪದಾರ್ಥಗಳು ನಿಜವಾಗಿಯೂ ಇವೆ. ಒತ್ತಡಕ್ಕೆ ಹರಳಿನೊಳಗಿನ ಅಣುಗಳು ಸ್ವಲ್ಪ ಜರುಗಿ, ಹೊಸ ರೀತಿಯಲ್ಲಿ ಒತ್ತಿಕೊಂಡು ಕೂತರೆ ಹೀಗಾಗುತ್ತದೆ. ಇಂಥದ್ದು ಸಿಕ್ಕವರು ಲಾಟರಿ ಹೊಡೆದವರಂತೆ ಓಡಾಡುತ್ತಾರೆ. ನಾನೂ ಓಡಾಡಿದೆ. ಆ ಪುಡಿಯನ್ನು ಮತ್ತೆ ಕರಗಿಸಿ ಹರಳು ಮಾಡಿದೆ, ಹಸಿರು ಹೋಗಿ ನೀಲಿ ಬಂತು. ಆ ಹರಳನ್ನು ಮತ್ತೆ ಅರೆದೆ, ಹಸಿರು ಬಂತು. ಅದೇ ಬಳಗದ ಇನ್ನೆರಡು ಸಂಯುಕ್ತಗಳನ್ನು ಅರೆದೆ. ಅವೂ ಹಸಿರಾದವು. ಮೂರು ಬೇರೆ ಬೇರೆ ಪದಾರ್ಥಗಳು ಒಂದೇ ಹಸಿರು ಕೊಟ್ಟಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಹೆಮ್ಮೆ.

ನಮ್ಮ ಗೈಡ್ ಹೊಗಳುವುದರಲ್ಲಿ ಬಹಳ ಬಿಗಿ. ಅವರು ಡಬ್ಬಿಯೊಳಗೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿ, "ಪರವಾಗಿಲ್ವೇ, ಏನೋ ಮಾಡ್ಬಿಟ್ಟಿದೀಯ ಕಣಮ್ಮ" ಎಂದರು. ಆ ಒಂದು ಮಾತಿಗೆ ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಎಕ್ಸ್‌ರೇ ನಕ್ಷೆಯಲ್ಲಿ ಅಣುಗಳ ಪದರಗಳ ನಡುವೆ ಕಂಡ ಒಂದು ಸಂದಿಯನ್ನು ತೋರಿಸಿ, ಅರೆದಾಗ ಈ ಸಂದಿ ಮುಚ್ಚುತ್ತದೆ, ಅದಕ್ಕೇ ಬಣ್ಣ ಬದಲಾಗುತ್ತದೆ ಎಂದು ಎರಡು ಪುಟದ ವಿವರಣೆ ಬರೆದೆ. ಓದಿದರೆ ಎಂಥವರೂ ಒಪ್ಪಬೇಕು, ಹಾಗೆ ಬರೆದೆ. ಪೇಪರ್ ಅಚ್ಚಾಯಿತು. ಅದೇ ನನ್ನ ಥೀಸಿಸ್ಸಿನ ನಾಲ್ಕನೇ ಅಧ್ಯಾಯವೂ ಆಯಿತು.

ಮುಂದಿನ ವರ್ಷ ನಮ್ಮ ಲ್ಯಾಬಿಗೆ ಒಬ್ಬಳು ಹೊಸ ಹುಡುಗಿ ಬಂದಳು. ನಂಜನಗೂಡು ರಸ್ತೆಯ ಕಡಕೊಳದ ಆಚೆಯ ಒಂದು ಹಳ್ಳಿಯವಳು. ಮನೆಯಲ್ಲಿ ಬೇಸಾಯ, ಅಣ್ಣನಿಗೆ ಕಡಕೊಳದ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಲಸ. ಅವರ ಮನೆಯಲ್ಲಿ ಎಂಎಸ್ಸಿ ಮಾಡಿದವಳು ಅವಳೇ ಮೊದಲು. ಅವಳಿಗೆ ಗೈಡ್ ಕೊಟ್ಟ ಕೆಲಸ ನನ್ನದರ ಮುಂದುವರಿಕೆ: ಸತುವಿನ ಬದಲು ಬೇರೆ ಲೋಹ ಹಾಕಿ ಅರೆದರೆ ಯಾವ ಬಣ್ಣ ಬರುತ್ತದೆ ನೋಡುವುದು. ಅದಕ್ಕೆ ಮೊದಲು ನನ್ನ ಸತುವಿನ ಪ್ರಯೋಗವನ್ನೇ ಒಮ್ಮೆ ಮಾಡಿ ತೋರಿಸಬೇಕು, ಇದು ಎಲ್ಲ ಲ್ಯಾಬುಗಳಲ್ಲೂ ಇರುವ ಪದ್ಧತಿ.

ಅವಳ ಹರಳುಗಳನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನನ್ನವಕ್ಕಿಂತ ದೊಡ್ಡವು, ಅಂಚುಗಳು ಚೂಪು, ಒಳಗೆ ಒಂದು ಗೆರೆಯಿಲ್ಲ. ಆದರೆ ಅವಳು ಅರೆದಾಗ ಹಸಿರು ಬರಲಿಲ್ಲ. ನೀಲಿ ಹರಳು ಅರೆದು ನೀಲಿ ಪುಡಿಯಾಯಿತು, ಅಷ್ಟೆ. ಮತ್ತೆ ಮಾಡಿದಳು. ಮತ್ತೆ ನೀಲಿ. ದ್ರಾವಕ ಬದಲಿಸಿದಳು, ಅರೆಯುವ ಹೊತ್ತು ಹೆಚ್ಚಿಸಿದಳು, ಎರಡೆರಡು ಗಂಟೆ ಅರೆದು ಹೆಬ್ಬೆರಳಿನಲ್ಲಿ ಬೊಬ್ಬೆ ಎಬ್ಬಿಸಿಕೊಂಡಳು.

"ಅಕ್ಕ, ನನ್ಗೇ ಯಾಕ್ ಇಂಗಾಯ್ತದೆ?" ಎಂದು ಕೇಳುತ್ತಿದ್ದಳು.

"ನಿನ್ನ ಸ್ಯಾಂಪಲ್ ಶುದ್ಧವಾಗಿಲ್ಲ ಕಣೇ. ಕೈ ಸ್ವಚ್ಛ ಇರಬೇಕು ಈ ಕೆಲಸಕ್ಕೆ. ಗಾಜಿನ ಸಾಮಾನೆಲ್ಲ ಇನ್ನೊಂದ್ಸಲ ತೊಳಿ" ಎನ್ನುತ್ತಿದ್ದೆ ನಾನು.

ಅವಳು ತೊಳೆಯುತ್ತಿದ್ದಳು. ಒಂದು ಸಲ ಹಿಂಜರಿಯುತ್ತಾ, "ನಿಮ್ ಮಾರ್ಟರ್‌ನಲ್ಲಿ ಒಂದ್ಸಲ ಅರೀಲಾ ಅಕ್ಕ?" ಎಂದು ಕೇಳಿದಳು. ನಾನು ಕೊಡಲಿಲ್ಲ. ಕೊಟ್ಟಿದ್ದರೆ ಅವಳ ಪುಡಿಯೂ ಹಸಿರಾಗುತ್ತಿತ್ತು. ಆಗ ಅವಳು ಎರಡು ಮಾರ್ಟರ್‌ಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಯಾಕೆ ಬರುವುದಿಲ್ಲ ಎಂದು ಕೇಳಿಕೊಳ್ಳುತ್ತಿದ್ದಳು. ಅವಳಿಗೆ ಆ ಬುದ್ಧಿ ಇತ್ತು. ನಾನು ಮಾತ್ರ, "ಅದು ಎಲ್ರೂ ಮುಟ್ಟೋದಲ್ಲ, ನಿನಗೆ ಇನ್ನೊಂದಿದೆಯಲ್ಲ" ಎಂದು ಹೇಳಿ ಖಾನೆ ಮುಚ್ಚಿದೆ. ಅವಳ ಮುಖ ಬಾಡಿತು. ಬೇರೆ ಕಡೆ ನೋಡುತ್ತಾ, "ನಮ್ದು ಹೊಲ ಗೇಯ್ದಿರೋ ಕೈ, ಒರಟು. ನಿಮ್ಮಂಗೆ ನಯವಾಗಿ ಬರಕಿಲ್ಲ ಬುಡಿ" ಎಂದಳು. ಅಂಥದ್ದೇನಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಒಳಗೊಳಗೆ ಅದು ನಿಜವಿರಬಹುದು ಎಂದುಕೊಂಡೆ. ಇದನ್ನು ಬರೆಯುವಾಗ ಈಗ ನನ್ನ ಮೈ ಉರಿಯುತ್ತದೆ.

ಗೈಡ್ ಅವಳ ಮೇಲೆ ರೇಗಲು ಶುರು ಮಾಡಿದರು. ವಾರದ ಮೀಟಿಂಗಿನಲ್ಲಿ ಎಲ್ಲರ ಎದುರು ನನ್ನ ಕಡೆ ಕೈ ತೋರಿಸಿ, "ಅವಳು ಮಾಡಿದಾಗ ಬಂದಿದೆ. ನೀನು ಮಾಡಿದಾಗ ಯಾಕಮ್ಮ ಬರಲ್ಲ?" ಎನ್ನುತ್ತಿದ್ದರು. ಅವಳು ತಲೆ ತಗ್ಗಿಸಿ ನಿಂತಿರುತ್ತಿದ್ದಳು. ಅವಳ ಅಣ್ಣನ ಕಾರ್ಖಾನೆಯಲ್ಲಿ ಬಣ್ಣದ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ ಜಾಗ ಖಾಲಿಯಿದೆಯೆಂದೂ, ಮನೆಯಲ್ಲಿ ಅದಕ್ಕೆ ಸೇರಿಕೋ ಎನ್ನುತ್ತಿದ್ದಾರೆಂದೂ, ತಾನು ಒಪ್ಪಿಲ್ಲವೆಂದೂ ನನಗೆ ಹೇಳಿದ್ದಳು. "ಡಾಕ್ಟ್ರೇಟ್ ಆಗದೆ ನಾನು ಇಲ್ಲಿಂದ ಕದಲಕಿಲ್ಲ ಅಕ್ಕ" ಎಂದಿದ್ದಳು. ಹಸಿರು ಬರದೆ ಅವಳ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ.

ನಾನು ಥೀಸಿಸ್ ಒಪ್ಪಿಸಿ, ಮೌಖಿಕ ಪರೀಕ್ಷೆ, ಅಂದರೆ ವೈವಾ, ಯಾವಾಗ ಎಂದು ಕಾಯುತ್ತಿದ್ದ ವರ್ಷದ ಆಯುಧಪೂಜೆ ಬಂತು. ನಮ್ಮ ವಿಭಾಗದಲ್ಲಿ ಪೂಜೆ ಮಾಡುತ್ತಿದ್ದವರು ಅಟೆಂಡರ್, ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ಬೇರೆ ದಿನಗಳಲ್ಲಿ ನಮ್ಮ ಮಾತು ಕೇಳುವ ಅವರು ಆ ದಿನ ನಮ್ಮ ಯಜಮಾನರು. ತಕ್ಕಡಿ, ಓವನ್, ಎಕ್ಸ್‌ರೇ ಯಂತ್ರ, ಸೂಕ್ಷ್ಮದರ್ಶಕ, ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂ ಇಡುವರು. ಮಂಗಳಾರತಿಯ ಹೊತ್ತಿಗೆ ಯಂತ್ರಗಳೆಲ್ಲ ಆನ್ ಆಗಿರಬೇಕು, ಆರತಿ ಆದ ಮೇಲೆ ಆಫ್ ಮಾಡಿದರೆ ರಜೆ ಮುಗಿಯುವವರೆಗೆ ಮುಟ್ಟಬಾರದು. ಇದು ಅವರದೇ ಕಟ್ಟಳೆ. ಬಾಗಿಲಲ್ಲಿ ಬೂದುಗುಂಬಳ ಒಡೆದು, ಎಲ್ಲರಿಗೂ ಕಡಲೆಪುರಿ ಹಂಚಿ, ಮನೆಗೆ ಕಳಿಸುವರು.

ಎಲ್ಲರೂ ಕಾರಿಡಾರಿನಲ್ಲಿ ಪುರಿ ತಿನ್ನುತ್ತಿದ್ದಾಗ ನಾನು ದೀಪಗಳನ್ನು ಆರಿಸಲು ಒಳಗೆ ಹೋದೆ. ಯುವಿ ಡಬ್ಬಿಯ ದೀಪ ಉರಿಯುತ್ತಿತ್ತು. ಆ ಹುಡುಗಿ ಹಿಂದಿನ ದಿನ ಅರೆದ ಪುಡಿ ಒಳಗೆ ಗಾಜಿನ ಚೂರಿನ ಮೇಲೆ ಹಾಗೇ ಇತ್ತು, ಎಂದಿನಂತೆ ಮಂಕು ನೀಲಿ. ಅದರ ಪಕ್ಕದಲ್ಲಿ, ಡಬ್ಬಿಯ ತಳದಲ್ಲಿ, ಅಟೆಂಡರ್ ಹಚ್ಚಿದ ಅರಿಶಿನದ ಬೊಟ್ಟು. ಅದು ಹಳದಿ ಬೆರೆತ ಹಸಿರು ಬೆಳಕಿನಲ್ಲಿ ಹೊಳೆಯುತ್ತಿತ್ತು. ಆ ಬಣ್ಣ ನನಗೆ ಗೊತ್ತಿತ್ತು. ಎರಡು ವರ್ಷ ಅದನ್ನೇ ನೋಡಿದ್ದೆ.

ಅಲ್ಲೇ ನಿಂತಿದ್ದೆ. ಅಟೆಂಡರ್ ಒಳಗೆ ಬಂದರು. ನಾನು ಸುಮ್ಮನೆ ಕೇಳುವವಳಂತೆ, "ಅರಿಶಿನ ಯಾವುದರಲ್ಲಿ ಕಲಸ್ತೀರಿ?" ಎಂದೆ.

"ಈ ಸಲ ಮನೆಯಿಂದ ಬಟ್ಲು ತಂದಿವ್ನಿ ಮೇಡಂ. ಎರಡ್ ವರ್ಸದ ಹಿಂದೆ ಬಟ್ಲು ಮರ್ತು ಬಂದ್ಬುಟ್ಟಿದ್ದೆ. ಅವತ್ತು ನೀವು ಇರ್ಲಿಲ್ಲ, ರಜಕ್ಕೆ ಹೋಗಿದ್ರಿ. ನಿಮ್ ಕಲ್ಲಿನ್ ಬಟ್ಲಲ್ಲೇ ಕಲಸ್ದೆ. ಬೈಬ್ಯಾಡಿ. ದೇವ್ರ ಕೆಲ್ಸಕ್ಕೆ ಸುದ್ದವಾಗಿರೋದು ಇಡೀ ಲ್ಯಾಬಲ್ಲಿ ಅದೊಂದೇ ಕಂಡಿದ್ದು. ನಲ್ಲೀಲಿ ಚೆನ್ನಾಗಿ ತೊಳ್ದು ಮಡಗಿದ್ದೆ ಕಣ್ರೀ."

ನೀರಿನಲ್ಲಿ ಅರಿಶಿನದ ಬಣ್ಣ ಕರಗುವುದಿಲ್ಲ. ಬಿಳಿ ಬಟ್ಟೆಗೆ ತಾಗಿದ ಅರಿಶಿನವನ್ನು ತೊಳೆದ ಯಾವ ಹೆಂಗಸಿಗೂ ಗೊತ್ತಿರುವ ವಿಷಯ ಅದು. ಕ್ಲೋರೋಫಾರ್ಮಿನಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ. ನಾನು ದಿನಾ ಮೂರು ಸಲ ನೀರಿನಲ್ಲಿ ತೊಳೆದಿದ್ದೆ, ಆಮೇಲೆ ಹರಳು ಹಾಕಿ ಒಂದು ಹನಿ ಕ್ಲೋರೋಫಾರ್ಮ್ ಬಿಟ್ಟಿದ್ದೆ. ತಳದ ಬಿರುಕಿನಲ್ಲಿ ಕೂತ ಅರಿಶಿನ ಪ್ರತಿ ಸಲವೂ ಒಂದಿಷ್ಟು ಬಿಟ್ಟುಕೊಟ್ಟಿತ್ತು. ಕಲ್ಲಿನ ಬಣ್ಣ ಕಂದಾದ್ದರಿಂದ ಕಣ್ಣಿಗೆ ಕಾಣಲಿಲ್ಲ. ಪುಡಿಯನ್ನು ಕರಗಿಸಿ ಮತ್ತೆ ಹರಳು ಮಾಡಿದಾಗ ಅರಿಶಿನ ದ್ರಾವಕದಲ್ಲೇ ಉಳಿದು ಹರಳು ಶುದ್ಧವಾಗುತ್ತಿತ್ತು, ಅದಕ್ಕೇ ನೀಲಿ.

ಯಂತ್ರಗಳನ್ನು ಮುಟ್ಟುವ ಹಾಗಿರಲಿಲ್ಲ. ವಿಜಯದಶಮಿಯ ದಿನ ಅಗ್ರಹಾರದ ಬೀದಿಯಲ್ಲಿ ಜಂಬೂಸವಾರಿ ನೋಡಲು ಹೊರಟ ನೆಂಟರು, ಮಕ್ಕಳು, ಬಲೂನು ಮಾರುವವರು. ನಾನು ತಲೆನೋವೆಂದು ಮಲಗಿದ್ದೆ. ಅದು ಅರಿಶಿನವಲ್ಲದಿರಲಿ ಎಂದು ಯಾವ ದೇವರನ್ನೂ ನಂಬದ ನಾನು ಬೇಡಿಕೊಂಡೆ. ರಜೆ ಮುಗಿದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಆ ಹುಡುಗಿಯ ನೀಲಿ ಪುಡಿಯನ್ನು ಎಲ್ಲರೂ ಬಳಸುವ ಆ ಇನ್ನೊಂದು ಮಾರ್ಟರ್‌ಗೆ ಹಾಕಿ, ಸೂಜಿಯ ಮೊನೆಯಷ್ಟು ಅರಿಶಿನ ಸೇರಿಸಿ, ಒಂದು ಹನಿ ಕ್ಲೋರೋಫಾರ್ಮ್ ಬಿಟ್ಟು ಅರೆದೆ. ಹಸಿರು. ಬೆಳಕಿನ ಅಲೆಗಳನ್ನು ಅಳೆಯುವ ಯಂತ್ರದಲ್ಲಿ ಹಾಕಿದಾಗ ಬಂದ ಗೆರೆ ನನ್ನ ಪೇಪರಿನ ಗೆರೆಯ ಮೇಲೆ ಸರಿಯಾಗಿ ಕೂತಿತು. ಆಮೇಲೆ ನನ್ನ ಮಾರ್ಟರನ್ನು ಕ್ಲೋರೋಫಾರ್ಮಿನಲ್ಲಿ ನೆನೆಹಾಕಿದೆ. ಮಧ್ಯಾಹ್ನದ ಹೊತ್ತಿಗೆ ದ್ರಾವಕ ತಿಳಿ ಹಳದಿಯಾಯಿತು. ಅದಾದ ಮೇಲೆ ಅದರಲ್ಲಿ ನನ್ನ ಹರಳು ಅರೆದರೆ ನೀಲಿ, ಬರೀ ನೀಲಿ. ನನ್ನ ಎರಡು ಪುಟದ ವಿವರಣೆಯಲ್ಲಿ ಒಂದಕ್ಷರವೂ ನಿಜವಿರಲಿಲ್ಲ.

ಆ ದಿನವೇ ಹೇಳಬಹುದಿತ್ತು. ಲ್ಯಾಬಿನವರೆಲ್ಲ ನಕ್ಕು ಮರೆಯುತ್ತಿದ್ದರೇನೋ. ಗೈಡ್ ಒಂದು ವಾರ ಮಾತು ಬಿಡುತ್ತಿದ್ದರು. ನಾಲ್ಕನೇ ಅಧ್ಯಾಯ ಕಿತ್ತುಹಾಕಿ ಥೀಸಿಸ್ ಮತ್ತೆ ಒಪ್ಪಿಸಬೇಕಾಗುತ್ತಿತ್ತು, ಒಂದು ವರ್ಷ ಹೋಗುತ್ತಿತ್ತು. ನನಗೆ ಆಗ ಒಂದು ಕಾಲೇಜಿನಿಂದ ಲೆಕ್ಚರರ್ ಕೆಲಸದ ಭರವಸೆ ಸಿಕ್ಕಿತ್ತು, ವೈವಾ ಆಗಿದ್ದರೆ ಮಾತ್ರ. ವೈವಾ ಒಂದು ಮುಗಿಯಲಿ ಎಂದುಕೊಂಡೆ. ಮುಗಿದ ಮರುದಿನವೇ ಎಲ್ಲವನ್ನೂ ಹೇಳಿಬಿಡುತ್ತೇನೆ, ಆ ಹುಡುಗಿಗೆ ಇನ್ನು ಎರಡೇ ತಿಂಗಳು ಕಷ್ಟ ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ತಿಂಗಳು ನಾಲ್ಕು ದಾಟಿತು. ಪರೀಕ್ಷಕರಿಗೆ ಬಿಡುವಿರಲಿಲ್ಲ.

ಆ ತಿಂಗಳುಗಳಲ್ಲಿ ನಾನು ಅವಳೊಡನೆ ಬಹಳ ಒಳ್ಳೆಯವಳಾಗಿ ನಡೆದುಕೊಂಡೆ. ಕೂಗಾಡುವುದನ್ನು ಬಿಟ್ಟೆ. ಮನೆಯಿಂದ ಅವಳಿಗೂ ಸೇರಿಸಿ ಊಟದ ಡಬ್ಬಿ ತಂದೆ. "ಅಕ್ಕ, ನೀವು ಈಗೀಗ ಎಷ್ಟ್ ಒಳ್ಳೇರಾಗ್ಬುಟ್ರಿ" ಎಂದು ಅವಳು ನಗುತ್ತಿದ್ದಳು. ನಕ್ಕ ಮೇಲೆ ಮತ್ತೆ ಅರೆಯಲು ಕೂರುತ್ತಿದ್ದಳು. ಅವಳು ಅರೆಯುವ ಸದ್ದು, ಕಲ್ಲಿನ ಮೇಲೆ ಕಲ್ಲು ತಿರುಗುವ ಸದ್ದು, ಕೇಳಲಾರದೆ ನಾನು ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಅವಳು ತೆಳ್ಳಗಾದಳು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ನಾನು ಲೈಬ್ರರಿಯಿಂದ ಬರುವಷ್ಟರಲ್ಲಿ ತನ್ನ ಸೀಸೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದಳು.

"ಬುಟ್ಬುಟ್ಟೆ ಅಕ್ಕ. ನನ್ ಕೈಲಿ ಆಗಕಿಲ್ಲ. ಸುಮ್ನೆ ಎಲ್ಲರ್ ಟೈಮೂ ಹಾಳು" ಎಂದಳು. ಅಳಲಿಲ್ಲ. ಕಡಕೊಳದ ಕಾರ್ಖಾನೆಯಲ್ಲಿ ಸೋಮವಾರದಿಂದ ಕೆಲಸಕ್ಕೆ ಬರಬೇಕೆಂದು ಹೇಳಿದ್ದಾರೆ ಎಂದಳು. ನಾನು ಅವಳ ಕೈ ಹಿಡಿದುಕೊಂಡು ಒಳ್ಳೆಯದಾಗಲಿ ಎಂದೆ. ಬಾಯಿ ತೆರೆದರೆ ಇನ್ನೊಂದು ಮಾತು ಬರುತ್ತದೆಂದು ಹೆದರಿ ಅಷ್ಟಕ್ಕೇ ನಿಲ್ಲಿಸಿದೆ.

ಅದಾಗಿ ಒಂದು ತಿಂಗಳಿಗೆ ನನ್ನ ವೈವಾ ನಡೆಯಿತು. ಬೇರೆ ಊರಿನಿಂದ ಬಂದ ಪರೀಕ್ಷಕರು ಸಜ್ಜನರು, ಸಣ್ಣ ದನಿಯವರು. ನಾಲ್ಕನೇ ಅಧ್ಯಾಯವನ್ನು ಬಹಳ ಮೆಚ್ಚಿದರು. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಇದನ್ನು ನಿಮ್ಮ ಲ್ಯಾಬಿನಲ್ಲಿ ಬೇರೆ ಯಾರಾದರೂ ಮಾಡಿ ನೋಡಿದ್ದಾರಾ?"

"ಒಬ್ಬ ಜೂನಿಯರ್ ಪ್ರಯತ್ನ ಮಾಡಿದರು ಸರ್. ಅವರಿಗೆ ಇನ್ನೂ ಕೈ ಕೂತಿರಲಿಲ್ಲ" ಎಂದೆ.

ಅವರು ತಲೆಯಾಡಿಸಿ ಸಹಿ ಹಾಕಿದರು. ಹೊರಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಸೂರು ಪಾಕ್ ಹಂಚಿದರು. ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿಸಿ ಕರೆದ ಮೊದಲನೆಯವರು ನಮ್ಮ ಅಟೆಂಡರ್. ಆ ಸಿಹಿಯನ್ನು ನಾನು ಕಾಗದದಲ್ಲಿ ಸುತ್ತಿ ಚೀಲದೊಳಗೆ ಹಾಕಿಕೊಂಡೆ.

ಮರುದಿನ ಗೈಡ್ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಇಲ್ಲವೇ ಮುಚ್ಚಿಹಾಕು ಎನ್ನುತ್ತಾರೆ ಎಂದುಕೊಂಡಿದ್ದೆ. ಎರಡನೆಯದನ್ನು ಹೇಳಲಿ ಎಂಬ ಆಸೆಯೂ ನನಗಿತ್ತು, ಸುಳ್ಳು ಹೇಳುವುದಿಲ್ಲ. ಅವರು ನನ್ನ ಥೀಸಿಸ್ ತೆಗೆದು ನಾಲ್ಕನೇ ಅಧ್ಯಾಯದ ಪುಟಗಳನ್ನು ಒಂದೊಂದಾಗಿ ತಿರುವಿದರು. ಕೊನೆಗೆ, "ಪತ್ರಿಕೆಗೂ ಯೂನಿವರ್ಸಿಟಿಗೂ ನಾವಿಬ್ರೂ ಸೇರಿ ಬರೆಯೋಣ. ಆಗೋದಾಗ್ಲಿ. ಅದಿರ್ಲಿ, ಆ ಹುಡುಗಿಗೆ ಹೇಳಿದ್ಯಾ?" ಎಂದರು. ಇಲ್ಲ ಎಂದೆ. "ಎಲ್ಲರ ಮುಂದೆ ಬೈದೆನಲ್ಲಮ್ಮ ನಾನು ಅವಳನ್ನ" ಎಂದು ಎದ್ದು ಹೋಗಿ ಬಾಗಿಲ ಹತ್ತಿರ ನಿಂತುಬಿಟ್ಟರು. ಅವರ ಬೆನ್ನು ನೋಡುತ್ತಾ ಕೂರಲು ನನಗೆ ಆಗಲಿಲ್ಲ.

ಮುಂದಿನ ಶನಿವಾರ ನಂಜನಗೂಡಿನ ಬಸ್ಸು ಹತ್ತಿ ಕಡಕೊಳದಲ್ಲಿ ಇಳಿದೆ. ಕಾರ್ಖಾನೆಯ ಗೇಟಿನ ಎದುರಿಗೆ ಒಂದು ಟೀ ಅಂಗಡಿ. ಊಟದ ಬಿಡುವಿನಲ್ಲಿ ಅವಳು ನೀಲಿ ಕೋಟು ಹಾಕಿಕೊಂಡು, ಉಗುರಿನ ಸುತ್ತ ಬಿಳಿ ಬಣ್ಣದ ಕಲೆಗಳೊಂದಿಗೆ ಹೊರಗೆ ಬಂದಳು. ನನ್ನನ್ನು ನೋಡಿ ಓಡಿಬಂದಳು. "ಡಾಕ್ಟ್ರಮ್ಮ ಆದ್ರಂತೆ!" ಎಂದು ಕೈ ಕುಲುಕಿದಳು. ಬೆಂಚಿನ ಮೇಲೆ ಕೂತೆವು. ಟೀ ಬರುವ ಮೊದಲೇ ಹೇಳಲು ಶುರು ಮಾಡಿದೆ, ಇಲ್ಲವಾದರೆ ಹೇಳುತ್ತಿರಲಿಲ್ಲ. ಅರಿಶಿನ, ಬಿರುಕು, ಕ್ಲೋರೋಫಾರ್ಮ್, ಎಲ್ಲ.

ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ, "ಅಂಗಾರೆ ನಾನು ಮೊದಲ್ನೇ ಸಲ ಅರ್ದಿದ್ದೇ ಸರಿ ಇತ್ತಾ ಅಕ್ಕ?" ಎಂದಳು.

"ಸರಿ ಇತ್ತು. ಆಮೇಲೆ ಮಾಡಿದ್ದೂ ಎಲ್ಲ ಸರಿ. ಒಂದೂ ತಪ್ಪಿಲ್ಲ."

ಅವಳ ಮುಖ ಅರಳಿತು. "ನನ್ ಕೈ ಕೆಟ್ಟಿರ್ಲಿಲ್ಲ ಅನ್ನಿ!" ಎಂದು ಜೋರಾಗಿ ನಕ್ಕಳು. ಅರಿಶಿನದ ವಿಷಯ ನೆನೆಸಿಕೊಂಡು ಇನ್ನೊಮ್ಮೆ ನಕ್ಕಳು. ನಾನೂ ನಕ್ಕೆ. ಮುಗಿಯಿತು ಇದು ಎಂದುಕೊಂಡೆ. ಟೀ ಬಂತು. ಅವಳು ಲೋಟ ಎತ್ತಿ ಒಂದು ಗುಟುಕು ಕುಡಿದು ಕೇಳಿದಳು.

"ನಿಮ್ಗೆ ಯಾವಾಗ ಗೊತ್ತಾಯ್ತು?"

ಮೊನ್ನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಆಯುಧಪೂಜೆ ದಿನ" ಎಂದೆ.

ಅವಳು ಲೋಟ ಕೆಳಗಿಟ್ಟಳು. "ನಮ್ಮಣ್ಣ ನಿಮ್ಮನ್ನ ನೋಡಕೆ ಬಂದಿದ್ದು ಸಂಕ್ರಾಂತಿ ಆದ್ಮೇಲೆ" ಎಂದಳು.

ಇದನ್ನು ನಾನು ಮೇಲೆ ಬರೆಯದೆ ಬಿಟ್ಟಿದ್ದೇನೆ. ಮರೆತದ್ದರಿಂದಲ್ಲ. ಅವಳು ಸೀಸೆಗಳನ್ನು ತೊಳೆದು ಬೋರಲು ಹಾಕುವುದಕ್ಕೆ ಮೂರು ದಿನ ಮೊದಲು ಅವಳ ಅಣ್ಣ ವಿಭಾಗಕ್ಕೆ ಬಂದಿದ್ದರು. ಅವಳಿಗೆ ಹೇಳದೆ, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ನನ್ನ ಮೇಜಿನ ಮುಂದೆ ನಿಂತು ಕೇಳಿದ್ದರು: "ಮೇಡಂ, ಅವಳು ದಿನಾ ನಿಮ್ ಹೆಸರೇ ಹೇಳ್ತಾಳೆ. ನಿಜ ಹೇಳ್ಬುಡಿ. ಅವಳ ಕೈಲಿ ಇದು ಆಯ್ತದಾ? ಆಯ್ತದೆ ಅಂದ್ರೆ ಎಷ್ಟ್ ವರ್ಸ ಆದ್ರೂ ಓದಿಸ್ತೀನಿ. ಆಗಕಿಲ್ಲ ಅಂದ್ರೆ ಕೆಲ್ಸಕ್ಕೆ ಸೇರಿಸ್ಬುಡ್ತೀನಿ." ನಾನು, "ಕೆಲವರಿಗೆ ಇದು ಒಗ್ಗಲ್ಲ. ಕೆಲಸ ಸಿಗೋದಾದ್ರೆ ಸೇರಿಸಿ" ಎಂದಿದ್ದೆ. ಅವಳು ಹೋದರೆ ನನ್ನ ಪ್ರಯೋಗವನ್ನು ಮತ್ತೆ ಮಾಡಿ ನೋಡುವವರು ಯಾರೂ ಉಳಿಯುವುದಿಲ್ಲ. ಆ ಮಾತು ಆಡುವಾಗ ಅದು ನನ್ನ ತಲೆಯಲ್ಲಿತ್ತು. ಅವರು ನನಗೆ ಕೈ ಮುಗಿದು ಹೋಗಿದ್ದರು.

"ಅವಾಗ್ಲೂ ಗೊತ್ತಿತ್ತಾ?" ಎಂದಳು ಅವಳು.

"ಗೊತ್ತಿತ್ತು."

ಅವಳು ಉಳಿದ ಟೀಯನ್ನು ನೆಲಕ್ಕೆ ಚೆಲ್ಲಿ ಲೋಟವನ್ನು ಅಂಗಡಿಯವನಿಗೆ ಕೊಟ್ಟಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಿಡುವು ಮುಗಿದ ಗಂಟೆ ಹೊಡೆಯಿತು. ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಮನೇಲಿ ನಾನು ವಾಪಸ್ ಹೋಗ್ತೀನಿ ಅಂದಾಗೆಲ್ಲ ನಮ್ಮಣ್ಣ ಅದೇ ಹೇಳ್ತಾನೆ. ನಿನ್ ಕೈಲಾಗಕಿಲ್ಲ ಅಂತ ಆ ಮೇಡಮ್ಮೇ ಹೇಳವ್ರೆ, ನಿನ್ ಒಳ್ಳೇದಕ್ಕೇ ಹೇಳವ್ರೆ ಅಂತ." ಅಷ್ಟು ಹೇಳಿ ರಸ್ತೆ ದಾಟಿ ಗೇಟಿನೊಳಗೆ ಹೋದಳು.

ಪತ್ರಿಕೆಯಲ್ಲಿ ನಮ್ಮ ತಿದ್ದುಪಡಿ ಬಂದಿದೆ. ಯೂನಿವರ್ಸಿಟಿಯ ವಿಚಾರಣೆ ಇನ್ನೂ ನಡೆಯುತ್ತಿದೆ, ಲೆಕ್ಚರರ್ ಕೆಲಸ ಕೈಬಿಟ್ಟು ಹೋಯಿತು. ಗೈಡ್ ಅವಳ ಜಾಗವನ್ನು ಯಾರಿಗೂ ಕೊಡದೆ ಉಳಿಸಿಕೊಂಡು, ಎರಡು ಸಲ ಫೋನ್ ಮಾಡಿ ಕರೆದಿದ್ದಾರೆ. ಮನೆಯಲ್ಲಿ ಅಣ್ಣ ಒಪ್ಪುತ್ತಿಲ್ಲ ಎಂದಳಂತೆ. ತಿದ್ದುಪಡಿಯ ಪ್ರತಿಯನ್ನು ನಾನು ಅವಳಿಗೆ ಕಳಿಸಿದೆ, ಉತ್ತರ ಬರಲಿಲ್ಲ. ಅದು ಇಂಗ್ಲಿಷಿನಲ್ಲಿದೆ, ಎಂಟು ಸಾಲು, ಅವಳ ಅಣ್ಣ ಓದುವಂಥದ್ದಲ್ಲ. ಅವರಿಗೆ ನಾನೇ ಅವರ ಮನೆ ಬಾಗಿಲಿಗೆ ಹೋಗಿ ಬಾಯಿಬಿಟ್ಟು ಹೇಳಬೇಕು. ಕಡಕೊಳದ ಬಸ್ಸು ಹತ್ತು ನಿಮಿಷಕ್ಕೊಂದಿದೆ. ನಾನು ಇನ್ನೂ ಹೋಗಿಲ್ಲ.